ಕುಲಾಂತರಿ ಮೀನು ಮತ್ತು ಕಾವೇರಿಯ ಬಿಳಿಮೀನು

(ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲೊನಿಯಲ್ಲಿ ನಡೆದ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಈ ವೇದಿಕೆಯಿಂದ ಮೀನಿನ ವಿಷಯ ಮಾತನಾಡುತ್ತೇನೆಂದು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೊರನಾಡ ಕನ್ನಡಿಗರ ಸಭೆಯೆಂದ ಮೇಲೆ ಭಾಷೆ, ಗಡಿ, ಶಾಲೆ ಈ ಮೂರರಲ್ಲಿ ಒಂದಾದರೂ ಇರಲೇಬೇಕೆಂಬುದು ನಮ್ಮಲ್ಲಿ ಬೆಳೆದು ಬಂದ ರೂಢಿ. ಅವರಿಗೆ ನಿರಾಶೆಯಾಗದಂತೆ ಗಡಿಯ ಮಾತನ್ನು ನಾನೂ ಆಡುತ್ತೇನೆ, ಆದರೆ ಸ್ವಲ್ಪ ತಡವಾಗಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ನಗರದಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ತನಗೆ ಗೊತ್ತಿರುವುದನ್ನು ಬಿಟ್ಟು ಬೇರೆ ಮಾತನಾಡುವ ವಯಸ್ಸು ಈಗ ನನ್ನದಲ್ಲ.

ಈ ಉಪನ್ಯಾಸಕ್ಕೆ ಪ್ರೇರಣೆ ನನ್ನ ಮೊಮ್ಮಗ. ದಸರಾ ರಜೆಯಲ್ಲಿ ಅವನನ್ನು ಇಲ್ಲಿಯೇ ಕೂಕಟ್‌ಪಲ್ಲಿಯ ಒಂದು ಅಕ್ವೇರಿಯಂ ಅಂಗಡಿಗೆ ಕರೆದೊಯ್ದಿದ್ದೆ. ನೀಲಿ ದೀಪದ ಕೆಳಗಿನ ಗಾಜಿನ ತೊಟ್ಟಿಯಲ್ಲಿ ಹಸಿರಾಗಿ, ಕೆಂಪಾಗಿ ಹೊಳೆಯುವ ಕಿರುಬೆರಳಿನಷ್ಟು ಮೀನುಗಳಿದ್ದವು. ಇವು ಹುಟ್ಟಿನಿಂದಲೇ ಹೀಗೆಯೇ, ಬಣ್ಣ ಚುಚ್ಚಿದ್ದೇ, ಜೀನು ಸೇರಿಸಿದ್ದೇ ಎಂದು ಅಂಗಡಿಯವನನ್ನು ಕೇಳಿದೆ. ಅವನು ಬಹಳ ವಿನಯದಿಂದ, 'ಡಬ್ಬಿ ಹೊರಗಿನಿಂದ ಬರುತ್ತದೆ ಸಾರ್, ಒಳಗಿನದು ನಮಗೆ ಗೊತ್ತಿರುವುದಿಲ್ಲ' ಎಂದ. ಸತ್ತ ಮೀನನ್ನು, ಸಾಕಲಾರದ ಮೀನನ್ನು ಜನ ಏನು ಮಾಡುತ್ತಾರೆ ಎಂದಾಗ ಕೈಯನ್ನು ನಾಲಾದ ಕಡೆಗೆ ಬೀಸಿದ.

ಆ ಕೂಕಟ್‌ಪಲ್ಲಿ ನಾಲಾ ಹುಸೇನ್ ಸಾಗರಕ್ಕೆ ಸೇರುತ್ತದೆ; ಅಲ್ಲಿಂದ ಮುಂದೆ ಮೂಸಿ; ನಲ್ಗೊಂಡದ ವಾಡಪಲ್ಲಿಯಲ್ಲಿ ಮೂಸಿಯು ಕೃಷ್ಣೆಗೆ. ನಾಲಾದ ನೀರು ಇಂದು ಯಾವ ಮೀನೂ ಬದುಕಲಾರದಷ್ಟು ಕೊಳಕಾಗಿದೆ ಎನ್ನುವುದು ಒಂದು ರೀತಿಯ ಸಮಾಧಾನ. ಕೊಳಕನ್ನೇ ಕಾವಲುಗಾರನೆಂದು ನಂಬಿ ಕೂರುವುದು ಎಂಥ ಸಮಾಧಾನವೋ ತಿಳಿಯದು.

ಆ ಅಂಗಡಿಯ ಮೀನು ಯಾವುದೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಹೊಳೆಯುವ ಕುಲಾಂತರಿ ಮೀನು ಎಂಬುದು ಪ್ರಪಂಚದಲ್ಲಿ ಇದೆ. ಸಿಂಗಪುರದ ವಿಶ್ವವಿದ್ಯಾನಿಲಯದಲ್ಲಿ ಗಾಂಗ್ ಝಿಯುವಾನ್ ಮತ್ತು ಸಂಗಡಿಗರು ಅಂಬಲಿ ಮೀನಿನ ಹೊಳಪಿನ ಜೀನನ್ನು ಝೀಬ್ರಾ ಮೀನಿಗೆ ಸೇರಿಸಿ ಅದನ್ನು ಸಾಧಿಸಿದರು. ನೀರು ಕಲುಷಿತವಾದಾಗ ಬಣ್ಣದಿಂದ ಸೂಚನೆ ಕೊಡುವ ಮೀನನ್ನು ಪಡೆಯಬೇಕೆಂಬುದು ಮೂಲ ಉದ್ದೇಶ. 2003ರ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದದ್ದು ಮಾತ್ರ ಗೃಹಾಲಂಕಾರವಾಗಿ. ಬ್ರೆಜಿಲಿನಲ್ಲಿ ಅದರ ಮಾರಾಟಕ್ಕೆ ಅನುಮತಿಯಿಲ್ಲ; ಹಾಗಿದ್ದೂ ಅಲ್ಲಿನ ಪರೈಬಾ ದೊ ಸುಲ್ ನದೀಪಾತ್ರದ ತೊರೆಗಳಲ್ಲಿ ಈ ಮೀನುಗಳು ಮೊಟ್ಟೆಯಿಟ್ಟು ಬೆಳೆಯುತ್ತಿರುವುದನ್ನು 2022ರಲ್ಲಿ ಸಂಶೋಧಕರು ಪ್ರಕಟಿಸಿದರು. ಹತ್ತಿರದ ಮೀನು ಸಾಕಣೆ ಕೊಳಗಳಿಂದ ತಪ್ಪಿಸಿಕೊಂಡಿದ್ದವು. ಬ್ರೆಜಿಲಿನಲ್ಲಿ ಝೀಬ್ರಾ ಮೀನಿಗೆ ಬಂಧುಬಳಗವಿಲ್ಲ. ಭಾರತದಲ್ಲಿ ಹಾಗಲ್ಲ; ಝೀಬ್ರಾ ಮೀನಿನ ತವರು ನಮ್ಮ ಉಪಖಂಡ. ತವರಿನ ಹೊಳೆಗೆ ಬಿದ್ದ ಮಾರ್ಪಾಟಿನ ಮೀನಿಗೆ ಸಂಗಾತಿಯನ್ನು ಹುಡುಕಿಕೊಳ್ಳಲು ಕಷ್ಟವಾಗದು.

ಕುಲಾಂತರಿ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದು ಕುಲದ ವಂಶವಾಹಿಯನ್ನು ಪ್ರಯೋಗಶಾಲೆಯಲ್ಲಿ ತೆಗೆದು ಇನ್ನೊಂದು ಕುಲದ ಮೊಟ್ಟೆಗೆ ಸೇರಿಸುವುದು. ಮೀನಿನಲ್ಲಿ ಇದನ್ನು ಮೊದಲು ಮಾಡಿ ತೋರಿಸಿದವರು ಚೀನದ ಝು ಝುವೊಯಾನ್, 1980ರ ದಶಕದ ನಡುವಿನಲ್ಲಿ. ನಮ್ಮಲ್ಲಿ ಮಧುರೈ ಕಾಮರಾಜ ವಿಶ್ವವಿದ್ಯಾನಿಲಯದ ಟಿ. ಜೆ. ಪಾಂಡಿಯನ್ ಅವರ ಬಳಗವು ರೋಹು ಮೀನಿಗೆ ಬೆಳವಣಿಗೆಯ ಜೀನನ್ನು ಹೆಚ್ಚುವರಿಯಾಗಿ ಸೇರಿಸಿ, ಸಾಧಾರಣ ರೋಹುವಿಗಿಂತ ಹಲವು ಪಟ್ಟು ವೇಗದಲ್ಲಿ ಬೆಳೆಯುವ ಮೀನನ್ನು ಪಡೆಯಿತು. 2004ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಆ ರೋಹು ಪ್ರಯೋಗಶಾಲೆಯ ತೊಟ್ಟಿಯನ್ನು ದಾಟಿ ಕೆರೆಗೆ ಬರಲಿಲ್ಲ. ಊಟದ ತಟ್ಟೆಯವರೆಗೆ ಬಂದದ್ದು ಅಮೆರಿಕ, ಕೆನಡಾಗಳ ಒಂದು ಸಾಲ್ಮನ್ ಮಾತ್ರ. ಅಟ್ಲಾಂಟಿಕ್ ಸಾಲ್ಮನ್‌ಗೆ ಚಿನೂಕ್ ಸಾಲ್ಮನ್‌ನ ಬೆಳವಣಿಗೆಯ ಜೀನು, ಅದನ್ನು ವರ್ಷವಿಡೀ ಎಚ್ಚರವಾಗಿಡಲು ಇನ್ನೊಂದು ಶೀತಲ ಸಮುದ್ರದ ಮೀನಿನ ತುಣುಕು. ಮೂರು ವರ್ಷದ ಬೆಳವಣಿಗೆ ಒಂದೂವರೆ ವರ್ಷಕ್ಕೆ ಆಯಿತು. 1989ರಲ್ಲಿ ಹುಟ್ಟಿದ ಈ ತಳಿಗೆ ಒಪ್ಪಿಗೆ ಸಿಕ್ಕಿದ್ದು 2015ರ ನವೆಂಬರಿನಲ್ಲಿ.

ಅಪಾಯವೇನು? ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ವಿಲಿಯಂ ಮ್ಯೂರ್ ಮತ್ತು ರಿಚರ್ಡ್ ಹೊವಾರ್ಡ್ 1999ರಲ್ಲಿ ಒಂದು ಲೆಕ್ಕ ಮಂಡಿಸಿದರು. ಮೆಡಾಕ ಎಂಬ ಜಪಾನಿನ ಪುಟ್ಟ ಮೀನಿನಲ್ಲಿ ಬೆಳವಣಿಗೆಯ ಜೀನು ಸೇರಿದ ಗಂಡಿನ ಗಾತ್ರ ದೊಡ್ಡದು, ಆದ್ದರಿಂದ ಹೆಣ್ಣುಗಳಿಗೆ ಅದೇ ಮೆಚ್ಚು. ಆದರೆ ಅದರ ಮರಿಗಳು ಬದುಕುಳಿಯುವುದು ಕಡಿಮೆ. ಈ ಎರಡು ಗುಣ ಒಂದೇ ಮೀನಿನಲ್ಲಿ ಕೂಡಿದರೆ ಜೀನು ಹರಡುತ್ತಲೇ ಕುಲ ಕ್ಷೀಣಿಸುತ್ತದೆ. 60,000 ಮೀನುಗಳ ನಡುವೆ ಇಂಥ 60 ಮೀನು ಸೇರಿದರೆ ನಲವತ್ತು ತಲೆಮಾರುಗಳಲ್ಲಿ ಆ ಸಮುದಾಯವೇ ಅಳಿಯಬಹುದೆಂದು ಅವರ ಗಣಿತ ಹೇಳಿತು. ಇದನ್ನು ಕೇಳಿ ಹೆದರುವವರು ಇನ್ನೊಂದನ್ನೂ ಕೇಳಬೇಕು. ಅದೇ ಪ್ರಯೋಗಶಾಲೆ 2015ರಲ್ಲಿ ಕೆಂಪು ಹೊಳೆಯುವ ಝೀಬ್ರಾ ಮೀನನ್ನು ಸಾಧಾರಣ ಝೀಬ್ರಾ ಮೀನಿನ ಜೊತೆ ಹದಿನೈದು ತಲೆಮಾರು ಬೆಳೆಸಿ ನೋಡಿತು. ಹತ್ತೊಂಬತ್ತು ತೊಟ್ಟಿಗಳ ಪೈಕಿ ಹದಿನೆಂಟರಲ್ಲಿ ಕೆಂಪು ಜೀನು ಮಾಯವಾಗಿತ್ತು. ಹೆಣ್ಣಿನ ಬಳಿ ಹೋಗುವ ಪೈಪೋಟಿಯಲ್ಲಿ ಸಾಧಾರಣ ಗಂಡುಗಳೇ ಗೆದ್ದಿದ್ದವು. ಒಂದೇ ಕೋಣೆಯ ಇಬ್ಬರು ವಿದ್ವಾಂಸರು ಎರಡು ಮೀನಿನಲ್ಲಿ ಎರಡು ಉತ್ತರ ಕಂಡರು. ಕುಲಾಂತರಿಯೆಲ್ಲ ವಿಷವೆಂದು ಕೂಗುವವರಿಗೂ ಎಲ್ಲವೂ ಅಮೃತವೆಂದು ಮಾರುವವರಿಗೂ ಈ ಸಂಗತಿ ರುಚಿಸುವುದಿಲ್ಲ. ಪ್ರತಿ ಮೀನನ್ನೂ ಪ್ರತಿ ನೀರನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕೆಂದು ಇದರ ಅರ್ಥ, ಮತ್ತು ಆ ಪರೀಕ್ಷೆ ನೀರಿಗೆ ಬಿಡುವ ಮೊದಲು ಆಗಬೇಕು.

ಮೊದಲು ಏಕೆ ಎಂಬುದಕ್ಕೆ ನಮ್ಮ ನಾಡಿನದೇ ಸಾಕ್ಷಿಯಿದೆ. ನಾನು ಮಳವಳ್ಳಿ ತಾಲ್ಲೂಕಿನವನು. ಹುಡುಗನಾಗಿದ್ದಾಗ ದೊಡ್ಡಪ್ಪನವರ ಜೊತೆ ಗಾಡಿ ಕಟ್ಟಿಕೊಂಡು ಮುತ್ತತ್ತಿರಾಯನ ದರ್ಶನಕ್ಕೆ ಹೋಗುತ್ತಿದ್ದೆವು. ಒಮ್ಮೆ ಹೊಳೆಯ ದಂಡೆಯಲ್ಲಿ ಇಬ್ಬರು ಬೆಸ್ತರು ಬಿದಿರ ಗಳುವಿಗೆ ಕಟ್ಟಿ ಹೆಗಲ ಮೇಲೆ ಒಂದು ಮೀನನ್ನು ಹೊತ್ತು ತಂದರು. ಅದರ ಬೆನ್ನು ಗೂನು, ಬಾಲ ಕಿತ್ತಳೆ, ಒಂದೊಂದು ಹುರುಪೆಯೂ ನನ್ನ ಅಂಗೈಯಷ್ಟು. ಬಾಲ ನೆಲಕ್ಕೆ ತಾಗುತ್ತಿತ್ತು. ದೊಡ್ಡಪ್ಪ ಎರಡೂ ಕೈ ಜೋಡಿಸಿದರು. 'ಬಿಳಿಮೀನು ಕಣೋ, ನೋಡ್ಕೊ' ಎಂದರು. ನೋಡಿಕೊಂಡೆ. ಮತ್ತೆ ನೋಡುವ ಅವಕಾಶ ನನಗೆ ಬರಲಿಲ್ಲ.

ಕಾವೇರಿಯ ಈ ಬಿಳಿಮೀನು ಲೋಕಪ್ರಸಿದ್ಧ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮೀನು 120 ಪೌಂಡು ತೂಗಿತು; ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲಿ ಅದಕ್ಕಿಂತ ದೊಡ್ಡದು ದಾಖಲಾಗಿಲ್ಲ. ಆಮೇಲೆ ಅಣೆಕಟ್ಟು, ಮರಳು, ಸಿಡಿಮದ್ದು ಎಲ್ಲವೂ ಸೇರಿ ಹೊಳೆ ಬಡವಾಯಿತು. ಮಹಶೀರ್ ಕಡಿಮೆಯಾಗಿದೆ, ಹೆಚ್ಚಿಸಬೇಕೆಂಬ ಕಳಕಳಿ ಹುಟ್ಟಿತು. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯ ಮರಿ ಕೇಂದ್ರ ನೀಲಿ ರೆಕ್ಕೆಯ ಮಹಶೀರನ್ನು ಕೃತಕವಾಗಿ ಮರಿ ಮಾಡಿಸುವ ವಿದ್ಯೆಯನ್ನು ಸಾಧಿಸಿತ್ತು. ಅದು ಕೃಷ್ಣಾ ಕೊಳ್ಳದ ಮೀನು, ಪುಣೆಯ ಮುಳಾ-ಮುಠಾ ನದಿಯಿಂದ ಮೊದಲು ವರ್ಣಿತವಾದದ್ದು. ಅದರ ಮರಿಗಳನ್ನು ದೇಶದ ಹಲವು ನದಿಗಳಿಗೆ ಬಿಟ್ಟರು, ಕಾವೇರಿಗೂ ಬಿಟ್ಟರು. ಎಲ್ಲವೂ ಸದುದ್ದೇಶದಿಂದ ಮಾಡಿದ ಕೆಲಸ. ಆ ಕಾಲಕ್ಕೆ ಮಹಶೀರ್ ಎಂದರೆ ಮಹಶೀರ್. ಎರಡರ ನಡುವೆ ವ್ಯತ್ಯಾಸ ನೋಡುವ ಕಣ್ಣು ಯಾರಿಗೂ ಇರಲಿಲ್ಲ, ದಂಡೆಯ ಬೆಸ್ತರ ಹೊರತು.

ಬಿಟ್ಟ ಮೀನು ಹೊಳೆಯನ್ನು ತನ್ನದಾಗಿಸಿಕೊಂಡಿತು. ಗಾಳಿಬೋರೆಯ ಗಾಳದ ಶಿಬಿರದಲ್ಲಿ ಹಿಡಿದು ಬಿಟ್ಟ ಮೀನುಗಳ ಲೆಕ್ಕವನ್ನು 1998ರಿಂದ 2012ರವರೆಗೆ ಬರೆದಿಟ್ಟಿದ್ದರು. ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತಿತರರು 2015ರಲ್ಲಿ ಆ ಪುಸ್ತಕಗಳನ್ನು ಬಿಚ್ಚಿ ನೋಡಿದಾಗ ನೀಲಿ ರೆಕ್ಕೆಯದರ ಸಂಖ್ಯೆ ಏರುತ್ತಾ ಹೋಗಿತ್ತು, ಗೂನು ಬೆನ್ನಿನದು ಹೆಚ್ಚುಕಡಿಮೆ ಕಾಣೆಯಾಗಿತ್ತು. ಇದಕ್ಕಿಂತ ವಿಷಾದದ ಸಂಗತಿಯೆಂದರೆ, ಆಗ ಬಿಳಿಮೀನಿಗೆ ಶಾಸ್ತ್ರದಲ್ಲಿ ಸರಿಯಾದ ಹೆಸರೇ ನಿಗದಿಯಾಗಿರಲಿಲ್ಲ. ಹೆಸರಿಲ್ಲದ್ದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಲು ಬರುವುದಿಲ್ಲ. ಕೇರಳದ ಪಾಂಬಾರ್ ಹೊಳೆಯ ಒಂದು ಮೀನಿಗೆ 2007ರಲ್ಲಿ ಇಟ್ಟಿದ್ದ ಟಾರ್ ರೆಮಾದೇವಿ ಎಂಬ ಹೆಸರೇ ಇದಕ್ಕೂ ಸಲ್ಲುತ್ತದೆಂದು 2018ರಲ್ಲಿ ತೀರ್ಮಾನವಾಯಿತು. ಅದೇ ವರ್ಷ ಅದು 'ತೀವ್ರ ಅಪಾಯದಲ್ಲಿರುವ' ಜೀವಿಗಳ ಕೆಂಪು ಪಟ್ಟಿ ಸೇರಿತು.

ಇದರಲ್ಲಿ ಒಂದು ಜೀನನ್ನೂ ಯಾರೂ ಮುಟ್ಟಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಒಂದು ಕನ್ನಡ ಹೊಳೆಯ ಮೀನನ್ನು ಇನ್ನೊಂದು ಕನ್ನಡ ಹೊಳೆಗೆ ತಂದದ್ದು, ಅಷ್ಟೇ. ಕೃಷ್ಣೆಯೂ ನಮ್ಮದು, ಕಾವೇರಿಯೂ ನಮ್ಮದು ಎಂದು ನಾವು ಹಾಡಿಕೊಂಡು ಬಂದಿದ್ದೇವೆ. ಮೀನಿಗೆ ಆ ಹಾಡು ಗೊತ್ತಿಲ್ಲ. ಕಾರ್ಯದರ್ಶಿಗಳು ಕೇಳಿದ ಗಡಿ ಇದೇ.

ಈಗ ಕಾನೂನಿಗೆ ಬರೋಣ. ಪರಿಸರ ಸಂರಕ್ಷಣಾ ಕಾಯಿದೆ 1986ರದು. ಅದರ ಅಡಿಯಲ್ಲಿ 1989ರ ಡಿಸೆಂಬರ್ 5ರಂದು ತಳಿ ಮಾರ್ಪಡಿಸಿದ ಜೀವಿಗಳ ತಯಾರಿಕೆ, ಬಳಕೆ, ಆಮದು, ರಫ್ತು, ದಾಸ್ತಾನುಗಳ ನಿಯಮಗಳು ಹೊರಬಂದವು. ಪ್ರಪಂಚದ ಅನೇಕ ದೇಶಗಳು ಕಣ್ಣುಬಿಡುವ ಮೊದಲೇ ನಾವು ಮಾಡಿದ ಒಳ್ಳೆಯ ಕಾನೂನು ಇದೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಅಮೆರಿಕದವರು ತಮ್ಮ ಸಾಲ್ಮನ್‌ಗೆ ಬೇರೆ ಕಾನೂನು ಕಾಣದೆ ಪ್ರಾಣಿಗಳ ಔಷಧದ ಕಾನೂನನ್ನೇ ಅನ್ವಯಿಸಿದರು. ಸೇರಿಸಿದ ಜೀನೇ ಔಷಧವಂತೆ! ಮೊಟ್ಟೆಗಳಲ್ಲಿ ನೂರಕ್ಕೆ 95ಕ್ಕೆ ಕಡಿಮೆಯಿಲ್ಲದಂತೆ ಬಂಜೆಯಾಗಿರಬೇಕು, ಎಲ್ಲವೂ ಹೆಣ್ಣಾಗಿರಬೇಕು, ನೆಲದ ಮೇಲಿನ ತೊಟ್ಟಿಯಲ್ಲೇ ಬೆಳೆಯಬೇಕು ಎಂಬ ಷರತ್ತುಗಳೇನೋ ಇದ್ದವು. ಆದರೂ, ತಪ್ಪಿಸಿಕೊಂಡರೆ ಕಾಡಿನ ಸಾಲ್ಮನ್‌ಗೆ ಏನಾಗುತ್ತದೆಂಬ ಪರಿಶೀಲನೆ ಸಾಲದೆಂದು ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯವೇ 2020ರಲ್ಲಿ ತೀರ್ಪಿತ್ತಿತು. ಆ ಕಂಪನಿ 2024ರ ಡಿಸೆಂಬರಿನಲ್ಲಿ ಮೀನು ಸಾಕಣೆಯನ್ನೇ ನಿಲ್ಲಿಸಿತು. ನಿಲ್ಲಿಸಿದ್ದು ಕಾನೂನಿನಿಂದಲ್ಲ, ಹಣವಿಲ್ಲದೆ.

ನಮ್ಮ ನಿಯಮಗಳ ಪ್ರಕಾರ ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಅಪ್ರೈಸಲ್ ಕಮಿಟಿಯ ಒಪ್ಪಿಗೆಯಿಲ್ಲದೆ ಇಂಥ ಜೀವಿಯನ್ನು ಪರಿಸರಕ್ಕೆ ಬಿಡಬಾರದು. ಆ ಸಮಿತಿ ಇದುವರೆಗೆ ಯಾವ ಮೀನಿಗೂ ಒಪ್ಪಿಗೆ ಕೊಟ್ಟಿಲ್ಲ. ಅದರ ಕೆಳಗೆ ರಾಜ್ಯ ಸಮಿತಿ, ಅದರ ಕೆಳಗೆ ಕಲೆಕ್ಟರರ ಅಧ್ಯಕ್ಷತೆಯಲ್ಲಿ ಜಿಲ್ಲಾ ಸಮಿತಿ. ತಪ್ಪಿ ಹೋದದ್ದನ್ನು ಹಿಡಿಯಬೇಕಾದವರು ಈ ಜಿಲ್ಲಾ ಸಮಿತಿಯವರು. ಅದರ ಸದಸ್ಯರ ಪಟ್ಟಿಯನ್ನು ನಾನು ಎರಡೆರಡು ಬಾರಿ ಓದಿದೆ. ಕಾರ್ಖಾನೆ ಇನ್ಸ್‌ಪೆಕ್ಟರರಿದ್ದಾರೆ, ಜಿಲ್ಲಾ ವೈದ್ಯಾಧಿಕಾರಿ ಇದ್ದಾರೆ, ಕೃಷಿ ಅಧಿಕಾರಿ ಇದ್ದಾರೆ, ಮಾಲಿನ್ಯ ನಿಯಂತ್ರಣ ಮಂಡಳಿಯವರಿದ್ದಾರೆ, ನಗರಸಭೆಯ ಕಮಿಷನರರಿದ್ದಾರೆ. ಮೀನುಗಾರಿಕೆ ಅಧಿಕಾರಿಯ ಹೆಸರನ್ನು ಹೇಳಿಲ್ಲ. 1989ರಲ್ಲಿ ನಿಯಮ ಬರೆದವರ ಮನಸ್ಸಿನಲ್ಲಿ ಔಷಧದ ಕಾರ್ಖಾನೆ ಇತ್ತು, ಹೊಲವಿತ್ತು, ಕೆರೆಯಿರಲಿಲ್ಲ.

ಕೆರೆಯ ಕಡೆಯಿಂದ ನೋಡಿದರೆ ಇನ್ನೊಂದು ತೊಡಕು. ಮೀನುಗಾರಿಕೆ ರಾಜ್ಯದ ವಿಷಯ. ಈ ತೆಲಂಗಾಣದಲ್ಲಿ 2016ರಿಂದ ಸರ್ಕಾರವೇ ಕೆರೆಗಳಿಗೆ ಉಚಿತವಾಗಿ ಮೀನುಮರಿ ಬಿಡಿಸುವ ಯೋಜನೆ ತಂದಿತು. ಅದರಿಂದ ಮೀನುಗಾರ ಸಹಕಾರ ಸಂಘಗಳಿಗೆ ಅನ್ನ ದೊರೆತದ್ದು ನಿಜ. ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಮರಿಗಳು ಬರುವುದು ಬಹುಪಾಲು ಆಂಧ್ರದ ಡೆಲ್ಟಾದ ಮರಿ ಕೇಂದ್ರಗಳಿಂದ, ಲಾರಿಗಳಲ್ಲಿ. ಕರ್ನಾಟಕದ ಕೆರೆಗಳಿಗೂ ಅಲ್ಲಿಂದ ಲಾರಿ ಹೋಗುತ್ತದೆ. ನಾಗಾರ್ಜುನಸಾಗರ, ಶ್ರೀಶೈಲ, ಜುರಾಲ ಅಣೆಕಟ್ಟುಗಳು ಕೃಷ್ಣೆಯಲ್ಲಿ ಮೀನನ್ನು ತಡೆಯಬಲ್ಲವು, ಲಾರಿಯನ್ನಲ್ಲ. ಕಣ್ಣಿಗೆ ಎಲ್ಲ ರೋಹು ಮರಿಯೂ ಒಂದೇ. ಜೀನಿನ ವ್ಯತ್ಯಾಸವನ್ನು ಲಾರಿಯ ಬಳಿ ನಿಂತ ಸಿಬ್ಬಂದಿ ಹೇಗೆ ಗುರುತಿಸಿಯಾರು?

ನಿಷೇಧ ಹೇರಿದರೆ ಸಾಕಲ್ಲವೇ ಎನ್ನುವವರು ಆಫ್ರಿಕದ ಬೆಕ್ಕುಮೀನಿನ ಕಥೆ ನೆನೆಯಬೇಕು. ತನಗಿಂತ ಚಿಕ್ಕದನ್ನೆಲ್ಲ ನುಂಗುವ ಆ ಮೀನನ್ನು ನಾಶಪಡಿಸಬೇಕೆಂದು ಕೇಂದ್ರ ಕೃಷಿ ಸಚಿವಾಲಯ ರಾಜ್ಯಗಳಿಗೆ ತಿಳಿಸಿದ್ದು 1997ರಲ್ಲಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಮತ್ತೆ ಅದನ್ನೇ ಹೇಳಬೇಕಾಯಿತು. ನಡುವಿನ ಇಪ್ಪತ್ತೆರಡು ವರ್ಷ ಕಸಾಯಿಖಾನೆಯ ತ್ಯಾಜ್ಯ ತಿಂದು ಕೊಳಗಳಲ್ಲಿ ಆ ಮೀನು ಕೊಬ್ಬಿತು. ಆರು ತಿಂಗಳಲ್ಲಿ ಹಣ ಕೊಡುವ ಮೀನನ್ನು ಸಾಲಗಾರ ರೈತ ಸಾಕಿದರೆ ಅವನೊಬ್ಬನನ್ನೇ ದೂರಿ ಫಲವಿಲ್ಲ. ಬದಲಿಗೆ ಏನು ಸಾಕಬೇಕೆಂದು ಅವನಿಗೆ ಯಾರೂ ಹೇಳಿಕೊಡಲಿಲ್ಲ.

ಹೊಸ ಸಮಸ್ಯೆ ಬಾಗಿಲಲ್ಲಿದೆ. ಹೊರಗಿನ ಜೀನನ್ನು ಸೇರಿಸದೆ, ಇದ್ದ ಜೀನನ್ನೇ ಕತ್ತರಿಸಿ ತಿದ್ದುವ ವಿದ್ಯೆ ಬಂದಿದೆ. ಜಪಾನಿನಲ್ಲಿ 2021ರಲ್ಲಿ ಹೀಗೆ ತಿದ್ದಿದ ಎರಡು ಬಗೆಯ ಮೀನುಗಳು ಮಾರಾಟಕ್ಕೆ ಬಂದವು; ಅವನ್ನು ಕುಲಾಂತರಿಯೆಂದು ಅಲ್ಲಿ ಪರಿಗಣಿಸಲಿಲ್ಲ. ಭುವನೇಶ್ವರದ ಸಿಹಿನೀರು ಮೀನುಗಾರಿಕಾ ಸಂಸ್ಥೆಯ ವಿಜ್ಞಾನಿಗಳು ರೋಹುವಿನಲ್ಲಿ ಇದನ್ನು ಮಾಡಿ 2016ರಲ್ಲಿಯೇ ಪ್ರಕಟಿಸಿದ್ದಾರೆ. 2022ರ ಮಾರ್ಚಿನಲ್ಲಿ ನಮ್ಮ ಪರಿಸರ ಸಚಿವಾಲಯ ಹೀಗೆ ತಿದ್ದಿದ ಕೆಲವು ಬಗೆಯ ಸಸ್ಯಗಳಿಗೆ 1989ರ ನಿಯಮಗಳ ಮುಖ್ಯ ಭಾಗದಿಂದ ವಿನಾಯಿತಿ ಕೊಟ್ಟಿತು. ಅದರ ಫಲವಾಗಿ ಇಲ್ಲಿಯೇ ರಾಜೇಂದ್ರನಗರದ ಭತ್ತ ಸಂಶೋಧನಾ ಸಂಸ್ಥೆಯ 'ಕಮಲ' ಎಂಬ ಭತ್ತದ ತಳಿಯನ್ನು 2025ರ ಮೇ ತಿಂಗಳಲ್ಲಿ ಪ್ರಕಟಿಸಲಾಯಿತು. ಭತ್ತದ ಬಗ್ಗೆ ನನ್ನ ತಕರಾರಿಲ್ಲ, ಗದ್ದೆಗೆ ಬದುವಿದೆ. ವಿನಾಯಿತಿ ಸಸ್ಯಕ್ಕೆ ಮಾತ್ರ, ಮೀನಿಗೆ ಇನ್ನೂ ಇಲ್ಲ. ಈ 'ಇನ್ನೂ' ಎಂಬ ಮಾತು ಎಷ್ಟು ದಿನ ಬಾಳುತ್ತದೆಂಬುದೇ ನನ್ನ ಆತಂಕ.

ಹೈದರಾಬಾದಿನವರಾದ ನಮಗೆ ಈ ವಿಷಯದಲ್ಲಿ ವಿಶೇಷ ಹೊಣೆಯಿದೆ ಎನ್ನಲು ಎರಡು ಕಾರಣಗಳಿವೆ. ನಾವು ಕುಡಿಯುವ ನೀರಿನ ಹಿಮಾಯತ್ ಸಾಗರ, ಉಸ್ಮಾನ್ ಸಾಗರಗಳ ಬಳಿ ಎಣ್ಣೆ ಕಾರ್ಖಾನೆಯೊಂದು ಬರಬಹುದೇ ಎಂಬ ಮೊಕದ್ದಮೆಯಲ್ಲಿ 1999ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮುನ್ನೆಚ್ಚರಿಕೆಯ ತತ್ವವನ್ನು ವಿವರಿಸಿತು. ಅಪಾಯವಿಲ್ಲವೆಂದು ರುಜುವಾತು ಮಾಡುವ ಭಾರ ಇದ್ದ ಸ್ಥಿತಿಯನ್ನು ಬದಲಿಸಲು ಹೊರಟವನ ಮೇಲೆ ಇರುತ್ತದೆ ಎಂದಿತು. ಈ ನಗರದ ಕೆರೆಗಳ ಪುಣ್ಯದಿಂದ ದೇಶಕ್ಕೆ ದೊರೆತ ತೀರ್ಪು ಅದು. ಎರಡನೆಯದು, 2012ರ ಅಕ್ಟೋಬರಿನಲ್ಲಿ ಜೀವವೈವಿಧ್ಯದ ಜಾಗತಿಕ ಸಮ್ಮೇಳನ, ಅದಕ್ಕೆ ಮುಂಚೆ ಕಾರ್ಟಜೀನ ಜೈವಿಕ ಸುರಕ್ಷತಾ ಒಪ್ಪಂದದ ದೇಶಗಳ ಸಭೆ ಇಲ್ಲಿಂದ ಕೂಗಳತೆಯ ಹೈಟೆಕ್ ಸಿಟಿಯಲ್ಲೇ ನಡೆದವು. ಅದೇ ಒಪ್ಪಂದದವರು 2018ರಲ್ಲಿ ಮಾರ್ಪಡಿಸಿದ ಮೀನಿನ ಅಪಾಯ ಅಳೆಯುವ ವಿಧಾನಕ್ಕಾಗಿ ತಜ್ಞರ ಗುಂಪನ್ನು ಕೂಡಿಸಿದರು. ಆ ಸಮ್ಮೇಳನ ನಡೆದ ಊರಿನ ಅಂಗಡಿಯಲ್ಲಿ, ಡಬ್ಬಿಯೊಳಗಿನದು ಗೊತ್ತಿಲ್ಲ ಎಂಬ ಉತ್ತರ ನನಗೆ ಸಿಕ್ಕಿತು.

ಈ ವಿಚಾರವನ್ನು ಹಿಂದೊಮ್ಮೆ ಮನೆಯ ಕೂಟದಲ್ಲಿ ಆಡಿದಾಗ ಕಲಬುರ್ಗಿ ಕಡೆಯ ಹಿರಿಯ ಮಿತ್ರರೊಬ್ಬರು ನಗುತ್ತಾ, 'ಮಾಸ್ತರ, ಹೊರಗಿಂದ ಬಂದದ್ದೆಲ್ಲಾ ಕೆಟ್ಟದ್ದು ಅಂತೀರಿ. ಹಂಗಾದ್ರ ನಾವೂ ಇಲ್ಲಿ ಹೊರಗಿನವರೇ ಹೌದಲ್ರೀ?' ಎಂದರು. ಆ ಪ್ರಶ್ನೆ ನನ್ನನ್ನು ರಾತ್ರಿಯೆಲ್ಲ ಕಾಡಿತು. ನಮ್ಮ ಕೆರೆಗಳ ಕಟ್ಲಾ, ರೋಹುಗಳೇ ಗಂಗೆಯ ಕಡೆಯಿಂದ ಬಂದವು. ಸಾಮಾನ್ಯ ಗೆಂಡೆ ವಿದೇಶದ್ದು. ಅವನ್ನು ಉಂಡು ಎರಡು ತಲೆಮಾರು ಬೆಳೆದಿದೆ. ಆದ್ದರಿಂದ ಹೊರಗಿನದೆಂಬುದೇ ದೋಷವೆಂದು ನಾನು ವಾದಿಸಿದರೆ ಅದು ಅಪ್ರಾಮಾಣಿಕತೆ, ಈ ಸಭೆಯಲ್ಲಂತೂ ಅಪಾಯಕರ. ನಾವು ಇಲ್ಲಿಗೆ ಬಂದಾಗ ಬಾಡಿಗೆ ಕರಾರು ಬರೆದೆವು, ರೇಷನ್ ಕಾರ್ಡಿಗೆ ಸಾಲು ನಿಂತೆವು, ತೆಲುಗು ಕಲಿತೆವು; ನಮ್ಮಿಂದ ತೊಂದರೆಯಾದರೆ ಕೇಳುವ ನೆರೆಯವರಿದ್ದಾರೆ. ಮೀನನ್ನು ಯಾರೋ ತಂದು ಸುರಿಯುತ್ತಾರೆ. ಸುರಿದವನ ಹೆಸರು ಎಲ್ಲಿಯೂ ಬರೆದಿರುವುದಿಲ್ಲ. ಕಾವೇರಿಗೆ ಯಾವ ವರ್ಷ, ಎಷ್ಟು ಮರಿ, ಯಾವ ದಂಡೆಯಿಂದ ಬಿಟ್ಟರೆಂದು ಕೇಳಿದರೆ ಪೂರ್ತಿ ಲೆಕ್ಕ ಕೊಡುವವರು ಯಾರು? ನನ್ನ ಜಗಳ ಆ ಬರೆಯದ ಪುಸ್ತಕದ ಜೊತೆ.

ಆದ್ದರಿಂದ ಒಂದು ಮನವಿಯ ಕರಡನ್ನು ಬರೆದು ತಂದಿದ್ದೇನೆ. ಅದರಲ್ಲಿ ಎರಡೇ ಬೇಡಿಕೆಗಳಿವೆ. 1989ರ ನಿಯಮದ ಜಿಲ್ಲಾ ಸಮಿತಿಗೆ ಮೀನುಗಾರಿಕೆ ಅಧಿಕಾರಿಯನ್ನು ಸೇರಿಸಬೇಕು. ಯಾವುದೇ ಸಾರ್ವಜನಿಕ ನೀರಿಗೆ ಯಾವುದೇ ಮೀನುಮರಿ ಬಿಡುವಾಗ, ಅದು ಕುಲಾಂತರಿಯಿರಲಿ ಇಲ್ಲದಿರಲಿ, ಯಾವ ತಳಿ, ಯಾವ ಮರಿ ಕೇಂದ್ರದ್ದು, ಬಿಟ್ಟವರು ಯಾರು ಎಂಬುದನ್ನು ಆ ಊರಿನ ಪಂಚಾಯಿತಿಯಲ್ಲಿ ಓದಲು ಸಿಗುವ ಹಾಗೆ ದಾಖಲಿಸಬೇಕು. ಮೊದಲನೆಯದು ದಿಲ್ಲಿಗೆ, ಎರಡನೆಯದು ಬೆಂಗಳೂರಿಗೂ ಇಲ್ಲಿನ ಸಚಿವಾಲಯಕ್ಕೂ. ಕನ್ನಡದಲ್ಲೊಂದು, ತೆಲುಗಿನಲ್ಲೊಂದು ಪ್ರತಿಯಿದೆ; ತೆಲುಗಿನ ತಪ್ಪುಗಳನ್ನು ನನ್ನ ಸೊಸೆ ತಿದ್ದಿದ್ದಾಳೆ.

ಬಾಗಿಲ ಬಳಿಯ ಮೇಜಿನ ಮೇಲೆ ಅವನ್ನು ಇಟ್ಟಿರುತ್ತೇನೆ. ಒಪ್ಪಿಗೆಯಾದವರು ಸಹಿ ಮಾಡಿ. ಆಗದವರು ಏಕೆಂದು ಹಿಂಬದಿಯಲ್ಲಿ ಬರೆದು ಹೋಗಿ. ಅದನ್ನೂ ಜೊತೆಗೇ ಕಳಿಸುತ್ತೇನೆ.